ಕಾರಿಗೊಂದು ಅರ್ತ್ ಗುಂಡಿ

ಎಲ್ಲಾ ತಾಪತ್ರಯಕ್ಕೂ ಕಾರಣ ಅರ್ಧ ಡಬ್ಬಿ ಕಪ್ಪು ಬಣ್ಣ. ಅಮ್ಮ ಕೂರುವ ಕಾರು ಒಳಗೂ ಹೊರಗೂ ಮಿರಮಿರ ಮಿಂಚಲಿ ಎಂದು ಯೋಗಾನಂದ ಶನಿವಾರ ಎಂಜಿನ್ನಿನ ಬೋಲ್ಟುಗಳನ್ನು ಬಿಚ್ಚಿ, ಅವುಗಳ ಬುಡಕ್ಕೂ ಬಣ್ಣ ಬಳಿದಿದ್ದ. ಭಾನುವಾರ ಬೆಳಿಗ್ಗೆ ಕೀ ತಿರುಗಿಸಿದರೆ ಕಾರು ಕೆಮ್ಮಿತೇ ಹೊರತು ಸ್ಟಾರ್ಟ್ ಆಗಲಿಲ್ಲ.

ಇದು 2005ರ ಮಾತು. ಬಸವೇಶ್ವರನಗರದಲ್ಲಿ ಒಬ್ಬರ ಕಾರು ಕೆಟ್ಟರೆ ಹತ್ತು ಮನೆಯವರು ಹೊರಗೆ ಬರುತ್ತಿದ್ದ ಕಾಲ. ಈಗ ಯಾರು ಬರುತ್ತಾರೆ, ಬಿಡಿ. ಅಮ್ಮ ಪಾಪಮ್ಮ ರೇಷ್ಮೆ ಸೀರೆ ಉಟ್ಟು ಮೆಟ್ಟಿಲ ಮೇಲೆ ಕೂತಿದ್ದಳು. ಚಿಕ್ಕಂದಿನಲ್ಲಿ ತನ್ನನ್ನು ಸೊಂಟದ ಮೇಲೆ ಹೊತ್ತು ಹೇರೋಹಳ್ಳಿಯ ತವರಿಗೆ ನಡೆದವಳನ್ನು ಒಮ್ಮೆಯಾದರೂ ಸ್ವಂತ ಕಾರಿನಲ್ಲಿ ಅಲ್ಲಿ ಇಳಿಸಬೇಕು, ಯೋಗಾನಂದನಿಗೆ ಅದೊಂದೇ ಆಸೆ.

ಕಾಮಾಕ್ಷಿಪಾಳ್ಯದ ಮೆಕ್ಯಾನಿಕ್ ಅಮೀನಪ್ಪನಿಗೆ ಫೋನ್ ಮಾಡಿದ.

"ಬಣ್ಣ ಹೊಡೆದ್ರಾ? ಹಂಗಾದ್ರೆ ಎಂಜಿನ್ ಕಂಪ್ಯೂಟರ್‌ಗೆ ಅರ್ತ್ ಸಿಗ್ತಾ ಇಲ್ಲ ಸಾರ್. ಊಟ ಮಾಡ್ಕೊಂಡು ಬರ್ತೀನಿ, ಏನೂ ಮುಟ್ಬೇಡಿ."

"ಅರ್ತ್ ಸಿಗ್ತಾ ಇಲ್ವಾ?" ಎಂದು ಯೋಗಾನಂದ ಬೀದಿಗೆಲ್ಲ ಕೇಳುವಂತೆ ಕೇಳಿದ್ದೇ ತಪ್ಪಾಯಿತು. ಎದುರುಮನೆಯ ಮುನಿಯಣ್ಣ ಹಾರೆ ಹಿಡಿದು ಬಂದ. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿ ರಿಟೈರ್ ಆದವನು.

"ಮೂವತ್ತು ವರ್ಷ ಅರ್ತ್ ಹಾಕಿದೀನಿ, ನೀನು ಸುಮ್ನಿರಪ್ಪ."

"ಇದು ಬೇರೆ ಅರ್ತ್ ಕಣಣ್ಣ, ನೆಲದ್ದಲ್ಲ, ಗಾಡಿ ಬಾಡೀದು."

"ಅರ್ತ್ ಅಂದ್ಮೇಲೆ ಎಲ್ಲಾ ಒಂದೇ."

ಗೇಟಿನ ಪಕ್ಕ ಗುಂಡಿ ಬಿತ್ತು. ಒಂದು ಮನೆಯಿಂದ ಇದ್ದಿಲು, ಇನ್ನೊಂದರಿಂದ ಉಪ್ಪು, ಮೇಲೆ ಎರಡು ಬಕೆಟ್ ನೀರು. ಗುಂಡಿಯಿಂದ ದಪ್ಪ ತಾಮ್ರದ ತಂತಿ ಎಳೆದ ಮುನಿಯಣ್ಣ, ಎಂಜಿನ್ನಿನಲ್ಲಿ ಕಪ್ಪು ವೈರುಗಳು ಸೇರುವ ಬೋಲ್ಟನ್ನು ಬಿಚ್ಚಿದ. "ಇಲ್ಲಿಗೆ ಬಣ್ಣ ಯಾವನಯ್ಯಾ ಬಳಿದಿದ್ದು?" ಎಂದು ಗೊಣಗುತ್ತಾ ಅದನ್ನು ಚೆನ್ನಾಗಿ ಕೆರೆದು, ವೈರುಗಳ ಜೊತೆ ತನ್ನ ತಂತಿಯನ್ನೂ ಸೇರಿಸಿ ಬಿಗಿದ.

ಕೀ ತಿರುಗಿಸಿದರೆ ಎಂಜಿನ್ ಗುಂಯ್ ಎಂದಿತು. ಬೀದಿಯೆಲ್ಲ ಚಪ್ಪಾಳೆ. ಪಾಪಮ್ಮ ದೇವರಿಗೆ ಕೈಮುಗಿದು ಹತ್ತಿ ಕೂತಳು. ಕೆಲಸ ಮಾಡಿದ್ದು ಗುಂಡಿಯಲ್ಲ, ಬಣ್ಣ ಕೆರೆದು ವೈರಿಗೆ ಕಬ್ಬಿಣ ತಾಗುವಂತೆ ಮಾಡಿದ್ದು ಎಂದು ಯೋಗಾನಂದನಿಗೆ ಹೊಳೆಯಿತು. ಖುಷಿಯಾಗಿ ಕಟಿಂಗ್ ಪ್ಲೇಯರ್ ಹಿಡಿದು ತಂತಿಗೆ ಕೈ ಹಾಕಿದ.

ಮುನಿಯಣ್ಣ ಅವನ ಕೈ ಹಿಡಿದುಕೊಂಡ. "ತಲೆ ಕೆಟ್ಟಿದ್ಯಾ? ಅರ್ತ್ ಕಿತ್ರೆ ಒಳಗಿರೋರಿಗೆ ಶಾಕ್ ಹೊಡೆಯುತ್ತೆ."

ಪಾಪಮ್ಮ ಥಟ್ಟನೆ ಕೆಳಗಿಳಿದಳು.

"ಅಮ್ಮಾ, ತಂತಿ ಇದ್ರೆ ಗಾಡಿ ಗೇಟ್ ದಾಟಲ್ಲ ಕಣಮ್ಮ."

"ಹಂಗಾದ್ರೆ ಇಲ್ಲೇ ಇರ್ಲಿ. ಅರ್ತ್ ಇಲ್ದಿರೋ ಗಾಡೀಲಿ ನಾ ಕೂರಲ್ಲ. ಬಸ್ಸಲ್ಲಿ ಹೋಗೋಣ ನಡಿ."

ಯೋಗಾನಂದನಿಗೆ ಅಳುವೇ ಬಂತು. "ಬಸ್ಸಿಗೆ ಮಾತ್ರ ಅರ್ತ್ ಇದ್ಯೇನಮ್ಮ?"

"ಅದು ಸರ್ಕಾರದ್ದು ಕಣೋ," ಎಂದಳು ಪಾಪಮ್ಮ, ಸೆರಗು ಸರಿಮಾಡಿಕೊಳ್ಳುತ್ತಾ. "ಹಾಕಿಸಿರ್ತಾರೆ."