ಕಡಲು ದಾಟಿದ ಕಾರು, ನಾಲ್ಕು ನಿಂಬೆಹಣ್ಣು

ಪರದೇಶಕ್ಕೆ ಹೋಗುವವರು ಉಪ್ಪಿನಕಾಯಿ ಒಯ್ಯುತ್ತಾರೆ, ಸಾರಿನ ಪುಡಿ ಒಯ್ಯುತ್ತಾರೆ, ಹೆಚ್ಚೆಂದರೆ ಒಂದು ಪುಟ್ಟ ಕುಕ್ಕರ್ ಒಯ್ಯುತ್ತಾರೆ. ನನ್ನ ಭಾವ ಕಾರು ಒಯ್ಯಲು ಹೊರಟರು. ಹೊಸ ಕಾರಲ್ಲ ಸ್ವಾಮಿ! ಪದ್ಮನಾಭನಗರದ ಅವರ ಮನೆಯ ಪೋರ್ಟಿಕೋದಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ನೆಲೆಸಿರುವ, ಒಂದು ಕಾಲದಲ್ಲಿ ಬೆಣ್ಣೆಯ ಬಣ್ಣಕ್ಕಿತ್ತೆಂದು ಬಲ್ಲವರು ಹೇಳುವ, ಹಿಂದಿನ ಬಲ ಬಾಗಿಲನ್ನು ಒಳಗಿನಿಂದ ಯಾರಾದರೂ ಒದ್ದರೆ ಮಾತ್ರ ತೆರೆದುಕೊಳ್ಳುವ ಕಾರು. ಅದನ್ನು ಹಡಗು ಹತ್ತಿಸಿ ನ್ಯೂಜಿಲೆಂಡಿಗೆ ಕಳಿಸುವ ಭಾಗ್ಯವನ್ನು ಭಾವ ನನಗೆ ಕರುಣಿಸಿದರು. ಆ ಆರು ತಿಂಗಳಲ್ಲಿ ನನ್ನ ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲೂ ಹೋದವು.

ಭಾವನ ತಮ್ಮ ಆ ದೇಶದಲ್ಲಿ ಹಲ್ಲಿನ ಡಾಕ್ಟರು. ಕಡಲ ಹತ್ತಿರದ ಒಂದು ಸಣ್ಣ ಊರಿನಲ್ಲಿ ರಜೆ ಕಳೆಯಲೆಂದು ಮನೆ ಮಾಡಿದ್ದಾರೆ. ವರ್ಷಕ್ಕೆ ಮೂರು ತಿಂಗಳು ಅದು ನಿಮ್ಮದೇ ಎಂದು ಅಣ್ಣನ ಕೈಗೆ ಕೀಲಿಕೈ ಕೊಟ್ಟಿದ್ದಾರೆ. ಇಂಥ ತಮ್ಮ ಎಷ್ಟು ಜನಕ್ಕೆ ಸಿಗುತ್ತಾನೆ? ನಾನೂ ಒಬ್ಬ ತಮ್ಮನೇ, ಆದರೆ ನನ್ನಿಂದ ಅಕ್ಕನಿಗೆ ಆಗಿರುವ ಉಪಕಾರ ಗ್ಯಾಸ್ ಬುಕ್ ಮಾಡಿಕೊಡುವುದನ್ನು ದಾಟಿಲ್ಲ.

ತೊಂದರೆ ಇರುವುದು ನನ್ನ ಅಕ್ಕನ ಹೊಟ್ಟೆಯಲ್ಲಿ. ಅವಳಿಗೆ ಯಾವ ವಾಹನವೂ ಒಗ್ಗುವುದಿಲ್ಲ. ಬನಶಂಕರಿಯಲ್ಲಿ ಬಸ್ಸು ಹತ್ತಿದರೆ ಜಯನಗರ ಬರುವಷ್ಟರಲ್ಲಿ ಅಕ್ಕಪಕ್ಕದವರು ಎದ್ದು ಹೋಗಿರುತ್ತಾರೆ. ಟ್ಯಾಕ್ಸಿಯವರು ಅವಳ ಮುಖ ನೋಡಿಯೇ ಸೀಟಿನ ಮೇಲೆ ಪೇಪರ್ ಹಾಸುತ್ತಾರೆ. ಮೆಟ್ರೋ ಅಲುಗಾಡುವುದಿಲ್ಲವೆಂದು ಸಮಾಧಾನ ಹೇಳಿ ಹತ್ತಿಸಿದೆ, ಎರಡನೇ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ನಡೆದೇ ಬಂದಳು. ಇಡೀ ಭೂಮಂಡಲದಲ್ಲಿ ಅವಳಿಗೆ ವಾಂತಿ ಬರಿಸದ ವಾಹನ ಒಂದೇ ಒಂದು. ಅದು ಭಾವನ ಕಾರು. ಈ ಮಾತನ್ನು ಅವಳೇ ಊರೆಲ್ಲ ಹೇಳಿಕೊಂಡು ತಿರುಗಿದ್ದಾಳೆ.

ಹೋದ ವರ್ಷ ಮೊದಲ ಸಲ ಅಲ್ಲಿಗೆ ಹೋದಾಗ ಏನಾಯಿತು ಗೊತ್ತೆ? ವಿಮಾನದಲ್ಲಿ ಮಾತ್ರೆ ನುಂಗಿ ನಿದ್ದೆ ಮಾಡಿದಳು. ಇಳಿದ ಮೇಲೆ ಮೈದುನನ ದೊಡ್ಡ ಕಾರಿನಲ್ಲಿ ಮೂರು ಗಂಟೆಯ ದಾರಿ. ಆ ದೇಶದ ಬೆಟ್ಟ, ಕಣಿವೆ, ಕುರಿಮಂದೆ ಯಾವುದನ್ನೂ ಅವಳು ನೋಡಲಿಲ್ಲ, ಪ್ಲಾಸ್ಟಿಕ್ ಕವರಿನಿಂದ ತಲೆ ಎತ್ತಿದ್ದರೆ ತಾನೆ! ಆಮೇಲೆ ಮೂರು ತಿಂಗಳು ಕಾರಿನ ಹತ್ತಿರ ಸುಳಿಯಲಿಲ್ಲ. ಮನೆಯಿಂದ ಕಡಲಿಗೆ ಎಂಟು ಕಿಲೋಮೀಟರ್, ಬಸ್ಸಿಲ್ಲ. ವಾಪಸು ಬಂದವಳನ್ನು ಹೇಗಿತ್ತೆಂದು ಕೇಳಿದೆ.

“ಈ ಅಡುಗೆಮನೆಯಿಂದ ಆ ಅಡುಗೆಮನೆಗೆ ಹೋಗ್ಬಂದೆ ಕಣೋ. ನಮ್ ಕಾರ್ ಇದ್ದಿದ್ರೆ ಸಮುದ್ರನಾದ್ರೂ ನೋಡ್ತಿದ್ದೆ.”

ಅಷ್ಟೇ. ಒಳಗೆ ಪೇಪರ್ ಓದುತ್ತಿದ್ದ ಭಾವನಿಗೆ ಅದು ಕೇಳಿಸಿತು. ಮಾರನೆಯ ಬೆಳಗ್ಗೆ ಕಾರಿನ ಆರ್.ಸಿ. ಪುಸ್ತಕ ಹಿಡಿದು ನನ್ನ ಮನೆ ಬಾಗಿಲಲ್ಲಿ ನಿಂತಿದ್ದರು.

ಈ ಕಾರಿನಲ್ಲಿ ಭಾವನ ಜೊತೆ ಪ್ರಯಾಣ ಮಾಡಿದವರು ಯಾರೂ ಎರಡನೇ ಸಲ ಬರುವುದಿಲ್ಲ. ಪ್ರತಿ ಐದಾರು ಕಿಲೋಮೀಟರಿಗೆ ಅವರು ಗಾಡಿ ಪಕ್ಕಕ್ಕೆ ಹಾಕಿ, “ಇಂಜಿನ್ ಬಿಸಿಯಾಗಿದೆ” ಎಂದು ಇಳಿದು, ಬಾನೆಟ್ ಎತ್ತಿ, ತಲೆಯನ್ನು ಪೂರ್ತಿ ಒಳಗೆ ತೂರಿಸಿಬಿಡುತ್ತಾರೆ. ಹತ್ತು ನಿಮಿಷ ಆ ತಲೆ ಹೊರಗೆ ಬರುವುದಿಲ್ಲ. ನಾವೆಲ್ಲ ರಸ್ತೆ ಬದಿ ಬಿಸಿಲಲ್ಲಿ ನಿಲ್ಲಬೇಕು. ಅಕ್ಕ ಮಾತ್ರ ಕಾಲು ಹಿಡಿದಿದೆಯೆಂದು ಹಿಂದಕ್ಕೆ ಒಂದಷ್ಟು ದೂರ ನಡೆದು ಬರುತ್ತಾಳೆ. ನನ್ನ ಮದುವೆಯ ದಿನ ಭಾವ ಮುಹೂರ್ತಕ್ಕೆ ಸರಿಯಾಗಿ ಕನಕಪುರ ರಸ್ತೆಯಲ್ಲಿ ಬಾನೆಟ್ಟಿನೊಳಗೆ ಇದ್ದರು, ಛತ್ರಕ್ಕೆ ಬಂದಾಗ ನಾವು ಪಾಯಸದಲ್ಲಿದ್ದೆವು. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಬಿ.ಟಿ.ಎಂ. ಲೇಔಟಿನಲ್ಲಿ ಹಡಗಿನ ಮೂಲಕ ಸಾಮಾನು ಕಳಿಸುವ ಒಬ್ಬ ಏಜೆಂಟರನ್ನು ಹಿಡಿದೆ. ಅವರು ಕಾರಿನ ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

“ಸಾರ್, ಆನೆ ಕಳಿಸ್ಬೇಕು ಅಂದ್ರೂ ಕಳಿಸ್ಕೊಡ್ತೀನಿ. ಇದು ಬೇಡ ಸಾರ್.”

ಆದರೆ ವಿಧಿ ನನ್ನ ಕಡೆ ಇರಲಿಲ್ಲ. ವಿಚಾರಿಸಿದಾಗ ತಿಳಿದದ್ದೇನೆಂದರೆ, ಆ ದೇಶದಲ್ಲಿ ತೀರಾ ಹಳೆಯ ಕಾರುಗಳಿಗೆ ಎಷ್ಟೋ ನಿಯಮಗಳಿಂದ ವಿನಾಯಿತಿ ಇದೆಯಂತೆ! ಇಲ್ಲಿ ಗುಜರಿ ಎನ್ನುವುದಕ್ಕೆ ಅಲ್ಲಿ ಗೌರವ. ಭಾವ ಇದನ್ನು ತಮ್ಮ ಸ್ವಂತ ಸನ್ಮಾನವೆಂದೇ ತಿಳಿದು ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದರು. ನಾನು ಮಾತ್ರ ಕಚೇರಿಯಿಂದ ಕಚೇರಿಗೆ ಅಲೆದೆ. ಒಂದು ಕಡೆ ಚಾಸಿ ನಂಬರು ತುಕ್ಕಿನಲ್ಲಿ ಕಾಣಿಸುವುದಿಲ್ಲ ಎಂದರು. ಇನ್ನೊಂದು ಕಡೆ ಈ ಕಾರೇ ಕಾಣಿಸದಿದ್ದರೆ ಒಳ್ಳೆಯದು ಎಂದರು. ಪಕ್ಕದ ಬಡಾವಣೆ ಶ್ರೀನಗರದ ಹಳೆಯ ಮೆಕ್ಯಾನಿಕ್ಕಿನ ಹತ್ತಿರ ತಪಾಸಣೆಗೆ ಒಯ್ದಾಗ, ಮೊದಲು ಈ ಇಂಜಿನ್ ಬಿಸಿಯಾಗುವ ರೋಗಕ್ಕೆ ಮದ್ದು ಮಾಡಪ್ಪಾ ಎಂದು ಬೇಡಿಕೊಂಡೆ. ಆತ ನಕ್ಕುಬಿಟ್ಟ. ಮೊದಲ ದಿನದಿಂದ ತಾನೇ ನೋಡಿಕೊಳ್ಳುತ್ತಿರುವ ಗಾಡಿ, ಇಂಜಿನ್ ಚಿನ್ನದಂಥದ್ದು, ಒಂದು ದಿನವೂ ಬಿಸಿಯಾದದ್ದಿಲ್ಲ ಎಂದ. ಭಾವನಿಗೆ ಹುಚ್ಚು ಎಂಬುದು ನನಗೆ ಅವತ್ತು ಖಚಿತವಾಯಿತು.

ಎಲ್ಲಕ್ಕಿಂತ ಘೋರವಾದದ್ದು ಕ್ಲೀನಿಂಗು. ಆ ದೇಶಕ್ಕೆ ಬೇರೆ ಊರಿನ ಮಣ್ಣು, ಬೀಜ, ಎಲೆ, ಹುಳ ಯಾವುದೂ ಬರಕೂಡದು. ಇಪ್ಪತ್ತೊಂಬತ್ತು ಆಯುಧಪೂಜೆ ಕಂಡ ಕಾರಿನೊಳಗೆ ಏನೇನಿರಬಹುದು, ನೀವೇ ಹೇಳಿ! ನಾನೂ ಭಾವನೂ ಸೀಟು ಬಿಚ್ಚಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದುಗೊಂದು ಕೆರೆದೆವು. ಕಡ್ಲೆಪುರಿ, ಒಣಗಿದ ಸೇವಂತಿಗೆ, ಮಾವಿನ ಸೊಪ್ಪು, ಕಲ್ಲಿನಂತಾದ ಬೂದುಗುಂಬಳದ ಬೀಜ ಬಂದವು. ಅಕ್ಕ ಕೂರುವ ಸೀಟಿನ ಕೆಳಗೆ, ಸ್ಪ್ರಿಂಗಿನ ನಡುವೆ, ಸೀರೆ ಮಡಿಸಿದಷ್ಟು ನೀಟಾಗಿ ಮಡಿಸಿದ ಪ್ಲಾಸ್ಟಿಕ್ ಕವರುಗಳ ಒಂದು ಕಟ್ಟು ಸಿಕ್ಕಿತು. ಕಸಕ್ಕೆ ಎಸೆಯಲು ಕೈ ಎತ್ತಿದೆ. ಭಾವ ಅದನ್ನು ಮೆಲ್ಲಗೆ ಕಿತ್ತುಕೊಂಡು, ಸೀಟು ಕೂರಿಸಿದ ಮೇಲೆ ಇದ್ದಲ್ಲೇ ಇಟ್ಟರು. ಹುಚ್ಚರ ಜೊತೆ ವಾದವೇಕೆಂದು ನಾನು ಡಿಕ್ಕಿ ಕೆರೆಯಲು ಹೋದೆ.

ಕಾರು ಕನ್ನಡಿಯಂತಾಯಿತು. ತಪಾಸಣೆಯವರು ಬಂದು ಬಗ್ಗಿ ನೋಡಿ, ಶುದ್ಧವಾಗಿದೆ ಎಂದು ಸರ್ಟಿಫಿಕೇಟು ಕೊಟ್ಟರು. ಕಂಟೈನರಿಗೆ ಹತ್ತಿಸುವ ದಿನ ನಾನೂ ಏಜೆಂಟರೂ ಯಾರ್ಡಿನ ಕಚೇರಿಯೊಳಗೆ ಕೊನೆಯ ರುಜು ಹಾಕುತ್ತಿದ್ದೆವು. ಹೊರಗೆ ಗಂಟೆಯ ಸದ್ದು ಕೇಳಿಸಿತು. ಓಡಿ ಬಂದರೆ, ವಸಂತಪುರದಿಂದ ಕರೆಸಿದ ಪುರೋಹಿತರು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಅಕ್ಷತೆ ಹಾಕುತ್ತಿದ್ದಾರೆ! ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು! ಭಾವ ಸ್ಟೀರಿಂಗ್ ಹಿಡಿದು ಕೂತಿದ್ದಾರೆ. ಬೇಡ ಭಾವ ಎಂದು ನಾನು ಕೂಗುವ ಮೊದಲೇ ಕಾರು ಮುಂದಕ್ಕೆ ಬಂತು. ನಾಲ್ಕೂ ನಿಂಬೆ ಜಜ್ಜಿಹೋಗಿ ಟೈರಿನ ಗೀರುಗಳೊಳಗೆ ಸೇರಿ, ಹಾಗೆಯೇ ಕಂಟೈನರ್ ಹೊಕ್ಕವು. ನಾನೂ ಏಜೆಂಟರೂ ಕೈಲಾದಷ್ಟು ಕೆರೆದೆವು, ಅಷ್ಟರಲ್ಲಿ ಬಾಗಿಲು ಹಾಕಲು ಜನ ಬಂದರು. ಏಜೆಂಟರು ಅಲ್ಲೇ ಒಂದು ಡ್ರಮ್ಮಿನ ಮೇಲೆ ಕುಸಿದು ಕೂತರು.

“ಕಡಲು ದಾಟೋ ಗಾಡಿನ ಸುಮ್ನೆ ಕಳಿಸ್ತಾರೇನಯ್ಯಾ?” ಎಂದು ಭಾವ ನನ್ನನ್ನೇ ಗದರಿದರು.

ಎರಡು ತಿಂಗಳ ನಂತರ ನ್ಯೂಜಿಲೆಂಡಿನ ಬಂದರಿನಿಂದ ಇ-ಮೇಲ್ ಬಂತು. ಟೈರಿನಲ್ಲಿ ಹಣ್ಣಿನ ಸಿಪ್ಪೆ, ಹದಿನೇಳು ಬೀಜ, ವೈಪರಿನ ಬುಡದಲ್ಲಿ ಅಕ್ಕಿಕಾಳು, ಯಾವುದೋ ಕೆಂಪು ಪುಡಿ ಸಿಕ್ಕಿವೆ, ಕಾರನ್ನು ತಡೆಹಿಡಿಯಲಾಗಿದೆ ಎಂದಿತ್ತು. ಅಲ್ಲೇ ಮತ್ತೆ ತೊಳೆಸುವುದು, ವಾಪಸು ಕಳಿಸುವುದು, ನಾಶಪಡಿಸುವುದು, ಮೂರರಲ್ಲಿ ಒಂದನ್ನು ಆರಿಸಿ ಕಾರಣ ಬರೆಯಬೇಕಂತೆ. ತೊಳೆಸಿದ ಮೇಲೂ ಒಳಗೆ ಬಿಡುತ್ತೇವೆಂಬ ಭರವಸೆಯಿಲ್ಲವಂತೆ.

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ನೇರ ಪದ್ಮನಾಭನಗರಕ್ಕೆ ಹೋದೆ. ಕಾರಿಲ್ಲದ ಪೋರ್ಟಿಕೋದಲ್ಲಿ, ನೆಲದ ಮೇಲಿದ್ದ ಹಳೆಯ ಆಯಿಲ್ ಕಲೆಯ ಪಕ್ಕ, ಭಾವ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಾಯಿಗೆ ಬಂದದ್ದೆಲ್ಲ ಅಂದೆ. ಹಾಳಾಗಿ ಹೋಗಲಿ, ಪುಡಿ ಮಾಡಿಬಿಡಲಿ, ಅಲ್ಲೇ ಒಂದು ಹೊಸ ಕಾರು ತಗೊಳ್ಳಿ, ಈಗಿನ ಕಾರು ಅಲುಗಾಡುವುದಿಲ್ಲ, ಅಕ್ಕನಿಗೆ ನಿಧಾನಕ್ಕೆ ಅಭ್ಯಾಸವಾಗುತ್ತದೆ ಎಂದೆ. ಭಾವ ಒಳಗೊಮ್ಮೆ ನೋಡಿ ದನಿ ತಗ್ಗಿಸಿದರು.

“ಅವಳಿಗೆ ನಮ್ ಕಾರಲ್ಲೂ ಆಗ್ತದಯ್ಯಾ. ಮೊದಲನೇ ದಿನದಿಂದ.”



ಕಾರು ತಂದ ದಿನ ಅಕ್ಕನನ್ನು ಬನಶಂಕರಿ ದೇವಸ್ಥಾನಕ್ಕೆ ಕರೆದೊಯ್ದಿದ್ದರಂತೆ. ಇಳಿದವಳು ನಲ್ಲಿಯ ಕಡೆ ಹೋಗಿ ಬಂದು, ಇವರ ಮುಖ ನೋಡಿ, ಈ ಕಾರಿನಲ್ಲಿ ನನಗೇನೂ ಆಗಲಿಲ್ಲ ಎಂದು ನಕ್ಕಳಂತೆ. ಸೆರಗು ಒದ್ದೆಯಾಗಿತ್ತಂತೆ.

“ನಂಗೆ ಬೇಜಾರಾಗ್ಬಾರ್ದು ಅಂತ ಹಾಗಂದ್ಲು. ಇವತ್ತಿನವರ್ಗೂ ಹಾಗೇ ಅಂತಾಳೆ. ನಿಲ್ಸಿ ಅಂತ ಬಾಯ್ಬಿಟ್ಟು ಕೇಳೋಳಲ್ಲ. ಅದಕ್ಕೇ ನಾನೇ ನಿಲ್ಲಿಸ್ತೀನಿ. ಬಾನೆಟ್ ಎತ್ತಿದ್ರೆ ನಂಗೆ ಹಿಂದೆ ಏನೂ ಕಾಣಲ್ಲ, ಅದು ಅವಳಿಗೆ ಗೊತ್ತು.” ನೆಲದ ಆಯಿಲ್ ಕಲೆಯನ್ನು ಚಪ್ಪಲಿಯಿಂದ ಉಜ್ಜುತ್ತ ಮತ್ತೆ ಹೇಳಿದರು: “ಹೊಸ ಕಾರಲ್ಲಿ ಇಂಜಿನ್ ಬಿಸಿಯಾಯ್ತು ಅಂದ್ರೆ ಅವಳು ನಂಬ್ತಾಳೇನಯ್ಯಾ?”

ನನಗೆ ನನ್ನ ಮದುವೆಯ ದಿನ ನೆನಪಾಯಿತು. ತಮ್ಮನ ಧಾರೆಗೆ ಬರುತ್ತಿದ್ದ ಅಕ್ಕ ಕನಕಪುರ ರಸ್ತೆಯ ಬದಿಯಲ್ಲಿ, ಹೊಸ ಸೀರೆ ಎತ್ತಿ ಹಿಡಿದು ಬಗ್ಗಿ ನಿಂತಿದ್ದಿರಬೇಕು. ಅದು ಮುಗಿಯುವ ತನಕ ಈ ಮನುಷ್ಯ ತಣ್ಣಗಿರುವ ಇಂಜಿನ್ನಿನೊಳಗೆ ತಲೆ ಇಟ್ಟುಕೊಂಡಿದ್ದರು. ಇಷ್ಟು ವರ್ಷ ನಾನು ಅವರನ್ನು ಆಡಿಕೊಂಡೇ ಬಂದೆನಲ್ಲ ಎಂದು ತುಂಬ ನಾಚಿಕೆಯಾಯಿತು.

ಅಕ್ಕ ಕಾಫಿ ತಂದು ಕೊಟ್ಟಳು. ಭಾವ ಬಚ್ಚಲಿಗೆ ಹೋದ ಮೇಲೆ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದಳು: “ಹೇಗಾದ್ರೂ ಮಾಡಿ ಬಿಡಿಸ್ಕೊಡೋ. ಕಾರ್ ಇಲ್ದೆ ಅವರಿಗೆ ಊಟಾನೇ ಸೇರ್ತಿಲ್ಲ. ಆ ಕಾರಲ್ಲಾದ್ರೆ ನಂಗೂ ಏನೂ ಆಗಲ್ಲ ನೋಡು.”

“ಗೊತ್ತಕ್ಕ” ಎಂದೆ.

ಅಲ್ಲೇ ಆ ಕುರ್ಚಿಯಲ್ಲಿ ಕೂತು ಫೋನಿನಲ್ಲೇ ಫಾರಂ ತುಂಬಿದೆ. ಮತ್ತೆ ತೊಳೆಸುವುದು ಎಂಬುದಕ್ಕೆ ಗುರುತು ಹಾಕಿದೆ. ಇದೇ ಕಾರು ಏಕೆ ಬೇಕು ಎಂಬುದಕ್ಕೆ ಕಾರಣ ಬರೆಯಲು ನಾಲ್ಕು ಸಾಲು ಜಾಗ ಕೊಟ್ಟಿದ್ದರು. ನಾನು ಒಂದೇ ಸಾಲು ಬರೆದೆ: ಇದರ ಇಂಜಿನ್ ಐದು ಕಿಲೋಮೀಟರಿಗೊಮ್ಮೆ ಬಿಸಿಯಾಗುತ್ತದೆ, ಆದ್ದರಿಂದ ನಮಗೆ ಇದೇ ಕಾರು ಬೇಕು. ಅವರ ಉತ್ತರ ಇನ್ನೂ ಬಂದಿಲ್ಲ.