'ತಗೊಂಡೆ' ಅನ್ನಬೇಕು

ನಮ್ಮ ಚಿಕ್ಕಮ್ಮನನ್ನು ಮನೆಗೆ ಕರೆಯುವುದು ಸುಲಭ, ಕಳಿಸುವುದು ಮಾತ್ರ ಮಹಾ ಫಜೀತಿ! ಹಾಗಂತ ಅವರು ನೆಂಟರ ಮನೆಯಲ್ಲಿ ಠಿಕಾಣಿ ಹೂಡುವವರೆಂದು ತಿಳಿಯಬೇಡಿ. ಹೊರಡಲು ಅವರಿಗೇ ಅವಸರ. ಆದರೆ ಹೊರಡುವ ಮುಂಚೆ 'ಹ್ಯಾಂಡೋವರ್' ಆಗಬೇಕು. ಭದ್ರಾವತಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ತಲೆ ನರೆಸಿಕೊಂಡವರು ಅವರು. ಅಲ್ಲಿ ಪಾಳಿ ಮುಗಿಸಿದ ನರ್ಸು ಒಬ್ಬೊಬ್ಬ ರೋಗಿಯ ಸ್ಥಿತಿಯನ್ನೂ ಮುಂದಿನ ಪಾಳಿಯವಳಿಗೆ ಬಾಯಲ್ಲಿ ಒಪ್ಪಿಸಿಯೇ ಮನೆಗೆ ಹೋಗಬೇಕಂತೆ. ಸರಿ, ರೋಗಿಗಳನ್ನು ಒಪ್ಪಿಸಲಿ, ಯಾರು ಬೇಡ ಅಂದರು? ಇವರು ನಮ್ಮನೆಯ ಹಾಲನ್ನೂ ಒಪ್ಪಿಸುತ್ತಾರೆ!

ಒಮ್ಮೆ ಒಲೆಯ ಮೇಲೆ ಹಾಲಿಟ್ಟವರು ಬಸ್ಸಿಗೆ ಹೊತ್ತಾಯಿತೆಂದು ನನ್ನ ಹೆಂಡತಿಯನ್ನು ಕರೆದರು. "ನೋಡಮ್ಮಾ, ಅರ್ಧ ಲೀಟರ್ ಹಾಲು, ಸಣ್ಣ ಉರಿ, ಈಗಷ್ಟೇ ಕೆನೆ ಕಟ್ತಾ ಇದೆ, ಇನ್ನೂ ಉಕ್ಕಿಲ್ಲ."

ಅವಳು ತಲೆಯಾಡಿಸಿದಳು.

"ತಲೆ ಆಡಿಸಿದ್ರೆ ಆಗಲ್ಲ. ಬಾಯ್ಬಿಟ್ಟು 'ತಗೊಂಡೆ' ಅನ್ಬೇಕು."

"ಗೊತ್ತಾಯ್ತು ಅತ್ತೆ."

"ಗೊತ್ತಾಗೋದು ಬೇರೆ, ತಗೊಳ್ಳೋದು ಬೇರೆ ಮಾರಾಯ್ತಿ!"

ಈ ವಾದ ಮುಗಿಯುವಷ್ಟರಲ್ಲಿ ಹಾಲು ಉಕ್ಕಿ ಒಲೆ ತುಂಬ ಹರಿದಿತ್ತು.

ಇನ್ನು ಚಿಕ್ಕಪ್ಪನ ಪಾಡು ಕೇಳಬೇಡಿ. ಚಿಕ್ಕಮ್ಮ ಊರುಬಿಟ್ಟು ಹೊರಟರೆ ಅವರನ್ನು ಪಕ್ಕದ ಮನೆಯಾಕೆಗೆ ಒಪ್ಪಿಸಬೇಕು. "ಇವರಿಗೆ ತಿಂಡಿ ಆಗಿದೆ, ಬಿಪಿ ಮಾತ್ರೆ ಆಗಿದೆ, ಬೆಳಗ್ಗಿಂದ ಸಿಟ್ಟು ಸ್ವಲ್ಪ ಜಾಸ್ತಿ. ಉಪ್ಪಿನಕಾಯಿ ಕೇಳ್ತಾರೆ, ಕೊಡ್ಬೇಡಿ."

"ನಾನೇನು ಹಾಸಿಗೆ ಹಿಡಿದಿದೀನೇನೇ?" ಎಂದು ಚಿಕ್ಕಪ್ಪ ಕೂಗಾಡುವರು.

"ನೋಡಿದ್ರಾ? ಸಿಟ್ಟು ಏರ್ತಾ ಇದೆ" ಎಂದು ಚಿಕ್ಕಮ್ಮ ವರದಿಗೆ ಅದನ್ನೂ ಸೇರಿಸುವರು!

ಇಂಥ ಚಿಕ್ಕಮ್ಮ ನಿವೃತ್ತಿ ಹತ್ತಿರವಿದ್ದಾಗ ವಿದೇಶದ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ನರ್ಸಿಂಗ್ ಡಾಕ್ಟರೇಟಿಗೆ ಸೇರಿಬಿಟ್ಟರು. "ಕಂಪ್ಯೂಟರಲ್ಲಿ ಎಂಥ ನರ್ಸಿಂಗ್? ಇಂಜೆಕ್ಷನ್ ಮೌಸಲ್ಲಿ ಚುಚ್ತಾರಾ?" ಎಂದು ಚಿಕ್ಕಪ್ಪ ರೇಗಿಸಿದರು. ಓದಿನ ವಿಷಯ ಯಾವುದಿರಬಹುದು ಹೇಳಿ? ಅದೇ, ಹ್ಯಾಂಡೋವರ್! ಪಾಳಿ ಬದಲಾಗುವ ಆ ಗಡಿಬಿಡಿಯಲ್ಲಿ ಒಂದು ಮಾತು ತಪ್ಪಿಹೋದರೂ ರೋಗಿಯ ಜೀವಕ್ಕೆ ಕುತ್ತು ಎನ್ನುವುದು ಅವರ ವಾದ. ಬ್ರಾಡ್‌ಬ್ಯಾಂಡ್ ಇದ್ದದ್ದು ವಿನೋಬನಗರದ ನಮ್ಮ ಮನೆಯಲ್ಲಿ. ಹಾಗಾಗಿ ಭಾನುವಾರವೆಲ್ಲ ನಮ್ಮ ಕಂಪ್ಯೂಟರ್ ಅವರ ಸುಪರ್ದಿಗೆ ಹೋಯಿತು.

ಕೊನೆಗೆ ಬಂತು ಮೌಖಿಕ ಪರೀಕ್ಷೆ. ಕ್ಯಾಮೆರಾದ ಮುಂದೆ ಕೂತು ಅಲ್ಲಿನ ಮೂವರು ಪ್ರೊಫೆಸರುಗಳಿಗೆ ಉತ್ತರ ಹೇಳಬೇಕು. ಕರೆಂಟ್ ಕೈಕೊಟ್ಟು ಒಮ್ಮೆ ಮುಂದೂಡಿದ್ದಾಗಿತ್ತು. ಇನ್ನೊಮ್ಮೆ ಅವಕಾಶವಿಲ್ಲ ಎಂದು ಅವರು ಖಡಾಖಂಡಿತ ಬರೆದಿದ್ದರು. ಈಗ ತಪ್ಪಿದರೆ ಅಷ್ಟು ವರ್ಷದ ಓದು ಮಣ್ಣುಪಾಲು! ಚಿಕ್ಕಮ್ಮನಿಗೆ ವಾರದಿಂದ ಅನ್ನ ಸೇರಿರಲಿಲ್ಲ. ನನಗೋ, ಫ್ಯಾನು ನಿಧಾನವಾದರೂ ಎದೆ ಧಸಕ್ಕೆನ್ನುತ್ತಿತ್ತು. ವಿದ್ಯುತ್ ಕಚೇರಿಗೆ ಫೋನ್ ಮಾಡಿ, "ಸಂಜೆ ಕರೆಂಟ್ ತೆಗೀತೀರಾ ಸಾರ್?" ಎಂದು ಕೇಳಿದೆ. "ಹೋದ್ಮೇಲೆ ಫೋನ್ ಮಾಡಿ, ಹೇಳ್ತೀವಿ" ಅಂದರು! ಚಿಕ್ಕಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡು, ಮೋಡೆಮ್ಮಿಗೂ ಯುಪಿಎಸ್ಸಿಗೂ ಒಂದೊಂದು ಗೆರೆ ಎಳೆದರು.

ಸಂಜೆ ಪರೀಕ್ಷೆ ಮುಕ್ಕಾಲು ಮುಗಿದಿತ್ತು. ಫಕ್ಕನೆ ಕರೆಂಟ್ ಹೋಯಿತು. ಯುಪಿಎಸ್ಸು ಕೀಂ ಕೀಂ ಎಂದು ಬಡಿದುಕೊಳ್ಳತೊಡಗಿತು. ನಾನು ಮೋಡೆಮ್ಮಿಗೆ ಕೈಮುಗಿದೆ. ಅಲ್ಲಿಯವರೆಗೆ ತಡವರಿಸುತ್ತಿದ್ದ ಚಿಕ್ಕಮ್ಮ ಮಾತ್ರ ಬೆನ್ನು ನೆಟ್ಟಗೆ ಮಾಡಿ ಇಂಗ್ಲಿಷಿನಲ್ಲಿ ಶುರುಮಾಡಿದರು: "ಸರ್, ಇಲ್ಲಿ ಕರೆಂಟ್ ಹೋಗಿದೆ, ಯಾವ ಗಳಿಗೆಯಲ್ಲಾದರೂ ಲೈನ್ ಕಡಿಯುತ್ತದೆ. ಹ್ಯಾಂಡೋವರ್ ಕೊಡುತ್ತಿದ್ದೇನೆ." ಇಷ್ಟು ಹೇಳಿಯಾಗಿದೆ, ಇಷ್ಟು ಉಳಿದಿದೆ, ಕೊನೆಯ ಪ್ರಶ್ನೆಗೆ ಉತ್ತರ ಇದು, ಈ ಒಂದು ಅಂಶ ನನಗೆ ತಿಳಿಯದು ಎಂದು ಪಟಪಟನೆ ಒಪ್ಪಿಸಿದರು. ನಡುವೆ ಕೂತಿದ್ದ ಪ್ರೊಫೆಸರ್ ಬಾಯಿ ತೆರೆದರು. ಅಷ್ಟರಲ್ಲಿ ಪರದೆ ಕಪ್ಪಾಯಿತು.

"ತಗೊಂಡೆ ಅನ್ಲಿಲ್ಲ ಕಣೋ!" ಎಂದು ಚಿಕ್ಕಮ್ಮ ಕುರ್ಚಿಯಲ್ಲೇ ಕುಸಿದರು.

ಕಾಫಿ ಕೊಟ್ಟರೆ ಬೇಡ, ಸಮಾಧಾನ ಹೇಳಿದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಮೇಣದಬತ್ತಿಯ ಮುಂದೆ ಕೂತು ಅದೊಂದೇ ಮಾತು. ಕರೆಂಟ್ ಬಂದ ಕೂಡಲೇ ಮೇಲ್ ತೆರೆದೆ. ಅಲ್ಲಿಂದ ಎರಡೇ ಸಾಲು ಬಂದಿತ್ತು: "ನಿಮ್ಮ ಹ್ಯಾಂಡೋವರ್ ತೆಗೆದುಕೊಂಡಿದ್ದೇವೆ. ಅಭಿನಂದನೆಗಳು, ಡಾಕ್ಟರ್."

ಚಿಕ್ಕಮ್ಮ ಕುಣಿಯಲಿಲ್ಲ, ಅಳಲೂ ಇಲ್ಲ. ಚೀಲ ಎತ್ತಿಕೊಂಡು ಸುಮ್ಮನೆ ಹೊರಟರು. ಹಾಲು ಒಪ್ಪಿಸಲಿಲ್ಲ, ಕಂಪ್ಯೂಟರ್ ಒಪ್ಪಿಸಲಿಲ್ಲ. ನನಗೆ ನಿಜಕ್ಕೂ ಗಾಬರಿಯಾಯಿತು. ಬಸ್ ನಿಲ್ದಾಣದವರೆಗೆ ಜೊತೆಗೇ ಹೋಗಿ, ಭದ್ರಾವತಿ ಬಸ್ಸಿನಲ್ಲಿ ಕೂರಿಸಿ, ಕಂಡಕ್ಟರನನ್ನು ಕರೆದೆ.

"ಸಾರ್, ಇವರು ನಮ್ಮ ಚಿಕ್ಕಮ್ಮ. ಬೆಳಗ್ಗಿಂದ ಊಟ ಇಲ್ಲ. ಈಗಷ್ಟೇ ಡಾಕ್ಟರೇಟ್ ಆಗಿದೆ. ಇನ್ನೂ ಅತ್ತಿಲ್ಲ, ದಾರೀಲಿ ಅಳಬಹುದು. ಭದ್ರಾವತೀಲಿ ಜೋಪಾನವಾಗಿ ಇಳಿಸ್ಬೇಕು."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆಯ್ತು ಸಾರ್" ಅಂದ.

"ಹಾಗಲ್ಲ, 'ತಗೊಂಡೆ' ಅನ್ಬೇಕು."

"ತಗೊಂಡೆ ಸಾರ್, ತಗೊಂಡೆ!" ಎಂದು ನಗುತ್ತ ಸೀಟಿ ಊದಿದ.

ಬಸ್ಸು ಅಲ್ಲಾಡಿತು. ಕಿಟಕಿಯಲ್ಲಿ ಚಿಕ್ಕಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡು ಹೇಳಿದರು: "ನನ್ನನ್ನ ಯಾರೂ ಹೀಗೆ ಒಪ್ಪಿಸಿರ್ಲಿಲ್ಲ ಕಣೋ."