ಗ್ವಾಂಗ್‌ಝೌ ಮೀನು ಮತ್ತು ನನ್ನ ವ್ಯಾನಿಟಿ ಬ್ಯಾಗು

ನಮ್ಮ ಯಜಮಾನರಿಗೆ ಹುಬ್ಬಳ್ಳಿಯ ತಾರಿಹಾಳದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ. ಅದಕ್ಕೆ ಬೇಕಾದ ಮಶೀನು ನೋಡಲು ಅವರು ಚೀನಾದ ಗ್ವಾಂಗ್‌ಝೌ ಎಂಬ ಊರಿಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಪ್ರೀತಿಯಿಂದಲೇ ಇರಬೇಕು. ಆದರೆ ಕೇಶ್ವಾಪುರದ ಮನೆಗೆ ಕೀಲಿ ಹಾಕುವಾಗ ಅವರು ಹೇಳಿದ್ದು ಬೇರೆ.

"ನೀ ಕಾನ್ವೆಂಟಿನ್ಯಾಗ ಕಲ್ತಾಕಿ. ಅಲ್ಲಿ ಮಾತಾಡೋ ಖಾತೆ ನಿಂದ."

ನಾನು ಆ ಖಾತೆಯನ್ನು ಸಂತೋಷದಿಂದ ವಹಿಸಿಕೊಂಡೆ. ಇಂಗ್ಲಿಷು ಗೊತ್ತಿದ್ದವರಿಗೆ ಜಗತ್ತಿನಲ್ಲಿ ಎಲ್ಲಿಯೂ ತೊಂದರೆಯಾಗದು ಎಂದು ನಮ್ಮ ಸಾಲಿಯ ಸಿಸ್ಟರ್ ಹೇಳುತ್ತಿದ್ದರು. ಸಿಸ್ಟರ್ ಗ್ವಾಂಗ್‌ಝೌಗೆ ಹೋಗಿರಲಿಕ್ಕಿಲ್ಲ.

ಮೊದಲ ದಿನ ಊರು ನೋಡಿದೆವು. ದೊಡ್ಡ ನದಿ, ಅದಕ್ಕಿಂತ ದೊಡ್ಡ ಕಟ್ಟಡಗಳು. ನಾನು ಗಮನಿಸಿದ್ದು ಮಾತ್ರ ಬೇರೆಯದೇ. ಸ್ಕೂಟರುಗಳು ಸದ್ದಿಲ್ಲದೆ ಪಕ್ಕಕ್ಕೆ ಬಂದು ನಿಲ್ಲುತ್ತವೆ, ಯಾರೂ ಹಾರ್ನ್ ಹೊಡೆಯುವುದಿಲ್ಲ. ಉದ್ಯಾನದಲ್ಲಿ ನನ್ನ ಅತ್ತೆಯ ವಯಸ್ಸಿನ ಹೆಂಗಸರು ಸಾಲಾಗಿ ನಿಂತು ಕುಣಿಯುತ್ತಾರೆ. ಎಲ್ಲರ ಕೈಯಲ್ಲೂ ಬಿಸಿನೀರಿನ ಫ್ಲಾಸ್ಕು. ಇಷ್ಟು ಬಿಸಿನೀರು ಕುಡಿಯುವ ಜನ ನಮ್ಮಂಥವರೇ ಎಂದು ನನಗೆ ಧೈರ್ಯ ಬಂತು.

ಆ ಧೈರ್ಯದಲ್ಲಿ ಒಂದು ನೂಡಲ್ಸ್ ಅಂಗಡಿ ಹೊಕ್ಕೆವು. "ವೆಜಿಟೇರಿಯನ್" ಎಂದು ನಾನು ಸ್ಪಷ್ಟವಾಗಿ, ಸಿಸ್ಟರ್ ಕಲಿಸಿದ ಉಚ್ಚಾರದಲ್ಲಿ ಹೇಳಿದೆ. ಅಂಗಡಿಯವಳು ಅರ್ಥವಾದಂತೆ ತಲೆಯಾಡಿಸಿದಳು. ಬಂದ ಬಟ್ಟಲಲ್ಲಿ ಸೊಪ್ಪಿನ ಮೇಲೆ ಒಣಸೀಗಡಿ ಉದುರಿಸಿತ್ತು. ನಾನು ಬೆರಳು ಮಾಡಿ ತೋರಿಸಿದೆ. ಅವಳು ತನ್ನ ಎರಡು ಬೆರಳು ಹತ್ತಿರ ತಂದು, ಸಣ್ಣವು, ಚಿಂತಿಲ್ಲ ಎಂಬಂತೆ ನಕ್ಕಳು.

ಹೋಟೆಲ್ ರೂಮಿಗೆ ಮರಳಿ, ಮನೆಯಿಂದ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ತಿನ್ನುತ್ತ ನಾನು ಒಂದು ತೀರ್ಮಾನಕ್ಕೆ ಬಂದೆ: ಈ ದೇಶದಲ್ಲಿ ನೀರಿನಲ್ಲಿ ಇರುವುದೆಲ್ಲ ತರಕಾರಿಯ ಲೆಕ್ಕ. ಮುಂದಿನದೆಲ್ಲ ಆದದ್ದು ಈ ತೀರ್ಮಾನದಿಂದ.

ಮರುದಿನ ಮಶೀನು ಮಾರುವ ಕಂಪನಿಯ ಮಾಲಕಿ ಲಿನ್ ಮೇಡಂ ನಮ್ಮನ್ನು ಊಟಕ್ಕೆ ಕರೆದರು. ದುಂಡುಮುಖದ, ನಗುವಿನ ಹೆಂಗಸು. ಇಂಗ್ಲಿಷು ಬಾರದು. ಚೀನೀ ಭಾಷೆಯಲ್ಲಿ ಮೊಬೈಲಿಗೆ ಹೇಳುತ್ತಿದ್ದರು, ಮೊಬೈಲು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಒಟ್ಟಿನಲ್ಲಿ ನನ್ನ ಖಾತೆಯನ್ನು ಮೊಬೈಲು ಕಿತ್ತುಕೊಂಡಿತ್ತು.

ಕಾರಿನಲ್ಲಿ ಯಜಮಾನರು ನನ್ನ ಕಿವಿಯಲ್ಲಿ ಹೇಳಿದರು. "ನೋಡು, ಮಶೀನ್ ಜೋಡಿ ಅದನ್ನ ಕೂಡಿಸಾಕ ಒಬ್ಬ ಫಿಟ್ಟರ್‌ನ ಹುಬ್ಬಳ್ಳಿಗೆ ಕಳಸ್ರಿ ಅಂತ ಕೇಳೇನಿ. ಇನ್ನೂ ಹೂಂ ಅಂದಿಲ್ಲ. ಫಿಟ್ಟರ್ ಬರಲಿಲ್ಲ ಅಂದ್ರ ಆ ಮಶೀನು ತಾಡಪತ್ರಿ ಕೆಳಗ ಮಲಗಿ ಬಿಡತೈತಿ. ಏನು ಬಡಿಸಿದ್ರೂ ಮಾರಿ ಕಿವುಚಬ್ಯಾಡ."

"ನಾ ಯಾಕ್ ಕಿವುಚಲಿ?" ಎಂದೆ.

ಟೇಬಲ್ಲಿಗೆ ಬಂದದ್ದು ಮೀನು. ಇಡಿಯ ಮೀನು. ತಲೆ, ಬಾಲ, ಮೈಮೇಲೆ ಕಪ್ಪು ಚರ್ಮ, ನನ್ನನ್ನೇ ನೋಡುತ್ತಿದ್ದ ಒಂದು ಕಣ್ಣು. ಮೇಲೆ ದಟ್ಟ ಗೊಜ್ಜು.

"ಇಲ್ಲಿಯ ಮೀನು ಪ್ರಸಿದ್ಧ. ಬಿಸಿ ಇರುವಾಗಲೇ ತಿನ್ನಿ," ಎಂದಿತು ಮೊಬೈಲು.

ಪಕ್ಕದ ಟೇಬಲ್ಲಿನಲ್ಲಿ ತಲೆ ಬೋಳಿಸಿಕೊಂಡ, ಬೂದು ನಿಲುವಂಗಿಯ ಸನ್ಯಾಸಿಯೊಬ್ಬರು ಅಂಥದೇ ಮೀನನ್ನು ಶಾಂತಚಿತ್ತದಿಂದ ತಿನ್ನುತ್ತಿದ್ದರು. ಸ್ವಾಮಿಗಳ ಸ್ಥಿತಿಯೇ ಹೀಗಾದರೆ ಭಕ್ತರ ಗತಿಯೇನು ಎಂದು ನನಗೆ ಮರುಕವಾಯಿತು.

ಯಜಮಾನರು ಹೊಟ್ಟೆ ಹಿಡಿದುಕೊಂಡರು. "ಆಸಿಡಿಟಿ," ಎಂದರು ಲಿನ್ ಮೇಡಂಗೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರಿಗೆ ಆಸಿಡಿಟಿ ಆಗಿದ್ದನ್ನು ನಾನು ಕಂಡಿರಲಿಲ್ಲ. ಲಿನ್ ಮೇಡಂ ಕನಿಕರದಿಂದ ಅವರಿಗೆ ಬಿಸಿನೀರು ತರಿಸಿ, ಅವರ ಪಾಲನ್ನೂ ನನ್ನ ತಟ್ಟೆಗೆ ಹಾಕಿದರು.

ನಮ್ಮ ಸಿಸ್ಟರ್ ಮತ್ತು ನನ್ನ ಅತ್ತೆ ಇಬ್ಬರೂ ಒಪ್ಪಿಕೊಳ್ಳಬಹುದಾದ ವಿಷಯ ಒಂದೇ. ತಟ್ಟೆಯಲ್ಲಿ ಅನ್ನ ಬಿಡಬಾರದು. ನಮ್ಮ ಮನೆಯಲ್ಲಂತೂ ಊಟ ಮುಗಿಸಿ ತಟ್ಟೆ ತೊಳೆದ ನೀರನ್ನೂ ಕುಡಿಯುವವರಿದ್ದಾರೆ. ತಿನ್ನುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಉಳಿದದ್ದು ವ್ಯಾನಿಟಿ ಬ್ಯಾಗು.

ಬ್ಯಾಗಿನಲ್ಲಿ ಚಟ್ನಿಯ ಖಾಲಿ ಡಬ್ಬಿ ಇತ್ತು. ಅದನ್ನು ತೊಡೆಯ ಮೇಲೆ ಇಟ್ಟು, ಸೆರಗು ಮುಚ್ಚಿದೆ. ಆ ಎರಡು ಕಡ್ಡಿಗಳಲ್ಲಿ ತಿನ್ನುವುದು ನನಗೆ ಬರುತ್ತಿರಲಿಲ್ಲವಾದ್ದರಿಂದ, ತುಂಡುಗಳು ಜಾರಿ ಕೆಳಗೆ ಬೀಳುವುದು ಸಹಜವಾಗಿಯೇ ಕಾಣುತ್ತಿತ್ತು. ಲಿನ್ ಮೇಡಂ ನೀರು ಗುಟುಕರಿಸುವಾಗ ಒಂದು, ಕಿಟಕಿಯಾಚೆ ನೋಡುವಾಗ ಒಂದು. ಬಾಯಲ್ಲಿ ಏನೂ ಇಲ್ಲದಿದ್ದರೂ ಜಗಿದೆ. ಖಾಲಿ ಬಾಯಿ ಜಗಿಯುವುದು ಬಹಳ ದಣಿವಿನ ಕೆಲಸ.

ತಟ್ಟೆ ಖಾಲಿಯಾಯಿತು. ಗೆದ್ದೆ ಎಂದುಕೊಂಡೆ. ಅತಿಥಿಯ ತಟ್ಟೆ ಖಾಲಿಯಾದರೆ ಅವಳಿಗೆ ಇನ್ನೂ ಹಸಿವಿದೆ ಎಂದು ಆ ಊರಿನ ಲೆಕ್ಕವಂತೆ. ಲಿನ್ ಮೇಡಂ ಮುಖ ಅರಳಿತು. ಇನ್ನೊಂದು ತುಂಡು ಬಂತು, ಬಾಲದ ಸಮೇತ.

"ಸಾಕು ಅನ್ನು," ಎಂದರು ಯಜಮಾನರು, ಬಿಸಿನೀರು ಕುಡಿಯುತ್ತ.

"ನೀವ ಅನ್ರಿ. ಮಾರಿ ಕಿವುಚಬ್ಯಾಡ ಅಂದವರು ಯಾರು?"

"ಡಬ್ಬಿ ತುಂಬೈತೇನು?"

"ಮುಚ್ಚಳ ಕೂಡವಲ್ದು."

ಊಟವಾದ ಮೇಲೆ ಲಿನ್ ಮೇಡಂ ನನ್ನ ಕೈ ಹಿಡಿದು ಹಿಂದಿನ ಅಂಗಳಕ್ಕೆ ಕರೆದೊಯ್ದರು. ಅಲ್ಲಿ ಗುಡಿ. ಬುದ್ಧನ ಗುಡಿ, ಊದಿನಕಡ್ಡಿಯ ಹೊಗೆ, ಕೈಮುಗಿದ ಜನ. ನಾನು ಮೆಟ್ಟಿಲ ಬಳಿ ನಿಂತುಬಿಟ್ಟೆ. ಯಾವ ದೇಶದ ದೇವರಾದರೇನು, ಬ್ಯಾಗಿನಲ್ಲಿ ಮೀನು ಇಟ್ಟುಕೊಂಡು ಗುಡಿಯ ಹೊಸ್ತಿಲು ತುಳಿಯುವವಳಲ್ಲ ನಾನು.

ಬರ್ರಿ ಎಂಬಂತೆ ಅವರು ಕೈಸನ್ನೆ ಮಾಡಿದರು. ನಾನು ಬ್ಯಾಗನ್ನು ಎದೆಗೆ ಅವುಚಿಕೊಂಡು ಒಲ್ಲೆನೆಂದು ತಲೆ ಅಲ್ಲಾಡಿಸಿದೆ. ಅವರ ಮುಖದ ನಗು ಕಡಿಮೆಯಾಯಿತು. ಫಿಟ್ಟರ್ ಹುಬ್ಬಳ್ಳಿಯಿಂದ ಒಂದೊಂದೇ ಹೆಜ್ಜೆ ದೂರ ಹೋಗುತ್ತಿರುವುದು ಯಜಮಾನರ ಮುಖದಲ್ಲಿ ಕಾಣುತ್ತಿತ್ತು.

"ಲಗೂ ಒಳಗ ಹೋಗು," ಎಂದರು.

"ನಾ ಒಲ್ಲೆ. ಬೇಕಾದ್ರ ಬ್ಯಾಗು ನೀವು ಹಿಡೀರಿ, ನಾ ಹೋಗ್ತೇನಿ."

ಅವರೂ ಹಿಡಿಯಲಿಲ್ಲ. ಅಷ್ಟರಲ್ಲಿ ಬ್ಯಾಗಿನ ಮೂಲೆಯಿಂದ ಗೊಜ್ಜು ತೊಟ್ಟಿಕ್ಕತೊಡಗಿತು. ಗುಡಿಯ ಬೆಕ್ಕು ಬಂದು ಮೂಸಿತು. ಒಂದು ಸಲ ನನ್ನ ಮುಖ ನೋಡಿ ಹೊರಟುಹೋಯಿತು. ನನ್ನಲ್ಲಿ ಬುದ್ಧಿ ಇದ್ದಿದ್ದರೆ ಆಗಲೇ ತಿಳಿಯುತ್ತಿತ್ತು. ಬೆಕ್ಕೂ ಸನ್ಯಾಸ ತೆಗೆದುಕೊಂಡಿದೆ ಎಂದಷ್ಟೇ ನಾನು ತಿಳಿದೆ.

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಡಬ್ಬಿ ತೆಗೆದು ಮೆಟ್ಟಿಲ ಮೇಲಿಟ್ಟೆ. ನಾವು ಮೀನು ತಿನ್ನುವುದಿಲ್ಲ, ನಿಮ್ಮ ಮನಸ್ಸು ನೋಯಿಸಬಾರದೆಂದು ಹೀಗೆ ಮಾಡಿದೆ, ಕ್ಷಮಿಸಿ ಎಂದು ಮೊಬೈಲಿಗೆ ಹೇಳಿದೆ. ಮೊಬೈಲು ಅದನ್ನು ಚೀನೀ ಭಾಷೆಯಲ್ಲಿ ಒದರಿತು. ಅಂಗಳದಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಲಿನ್ ಮೇಡಂ ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೆಟ್ಟಿಲ ಮೇಲೆಯೇ ಕುಳಿತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮೊಬೈಲು ಗಂಭೀರವಾಗಿ ತಿಳಿಸಿತು: "ಇದು ಸೋಯಾ. ಚರ್ಮ ಸಮುದ್ರದ ಎಲೆ. ಕಣ್ಣು ಕಪ್ಪು ಕಾಳು. ಈ ಊಟದ ಮನೆ ಗುಡಿಯದು. ಇಲ್ಲಿ ಮೀನು ಬರುವುದೇ ಇಲ್ಲ."

ಯಜಮಾನರ ಆಸಿಡಿಟಿ ಆ ಮೆಟ್ಟಿಲ ಮೇಲೆಯೇ ವಾಸಿಯಾಯಿತು. ಡಬ್ಬಿ ತೆಗೆದುಕೊಂಡು, ನಿಂತಲ್ಲೇ, ಬಾಲದಿಂದ ಶುರುಮಾಡಿದರು. "ಚಟ್ನಿ ಹತ್ತೇತಿ. ಭಾಳ ಛಲೋ ಆಗೇತಿ ನೋಡು," ಎಂದರು. ನನಗೆ ಒಂದು ಕಣ್ಣು ಉಳಿಸಿದ್ದರು.

ಕಣ್ಣೊರೆಸಿಕೊಂಡ ಲಿನ್ ಮೇಡಂ ಮೊಬೈಲಿಗೆ ಹೇಳಿದರು: ಅತಿಥಿಯಾಗಿ ಇಷ್ಟು ಕಷ್ಟಪಡುವವರು ಮನೆಗೆ ಬಂದವರನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಫಿಟ್ಟರ್‌ನನ್ನು ಕಳಿಸುತ್ತೇನೆ, ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ. ಆದರೆ ಅವನಿಗೆ ದಿನಾ ಇಂಥ ಮೀನು ಬೇಕು. ಮೊಬೈಲು ಕೊನೆಯ ಮಾತು ಮುಗಿಸುವ ಮೊದಲೇ ಯಜಮಾನರು "ಎಸ್, ಎಸ್, ಮೈ ವೈಫ್" ಎಂದು ನನ್ನ ಕಡೆ ಕೈ ತೋರಿಸಿದರು. ಮಾತಾಡುವ ಖಾತೆಯನ್ನು ಅವರು ವಹಿಸಿಕೊಂಡದ್ದು ಅದೊಂದೇ ಸಲ.

ಈಗ ಕೇಶ್ವಾಪುರದ ನನ್ನ ಅಡುಗೆಮನೆಯಲ್ಲಿ ಮೀನಿನ ಅಭ್ಯಾಸ ನಡೆದಿದೆ. ಲಿನ್ ಮೇಡಂ ಕಳಿಸಿದ ವಿಡಿಯೋ ನೋಡುತ್ತ ಸೋಯಾ ಕಲಸುತ್ತೇನೆ. ಸಮುದ್ರದ ಎಲೆ ಇಲ್ಲಿ ಸಿಗದೆ ಕೆಸುವಿನ ಎಲೆ ಸುತ್ತುತ್ತೇನೆ. ಕಣ್ಣಿಗೆ ಮೆಣಸಿನಕಾಳು.

ನಿನ್ನೆ ಮಾಳಮಡ್ಡಿಯಿಂದ ಅತ್ತೆ ಬಂದರು. ನಾನು ತಡೆಯುವ ಮೊದಲೇ ಪಾತ್ರೆಯ ಮುಚ್ಚಳ ತೆಗೆದರು.

"ಅತ್ತಿ, ಅದು ಖರೇ ಮೀನಲ್ರಿ," ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಮೀನು ಅಂತ ಯಾರ್ ಅಂದ್ರವಾ?" ಎಂದರು. "ಎಣ್ಣಿಗಾಯಿ ಅಲ್ಲೇನು ಇದು? ಬದನಿಕಾಯಿ ಸ್ವಲ್ಪ ಸೊಟ್ಟ ಅದಾವು, ಇರ್ಲಿ. ಒಂದು ರೊಟ್ಟಿ ಕೊಡು."